ಕಟಗೇರಿ ಸರ್ ಅವರ ಕ್ಯಾಲ್ಕುಲಸ್

ಧಾರವಾಡದ ಆ ಕಾಲೇಜಿನಲ್ಲಿ ಗಣಿತ ಕಲಿಸುವುದು ನಿಂತು, ಕುಡಿಸುವುದು ಶುರುವಾಗಿ ಎಷ್ಟೋ ವರ್ಷವಾಗಿತ್ತು. ನಿವೃತ್ತ ಮೇಷ್ಟ್ರುಗಳ ತಲೆಯಿಂದ ಇಳಿಸಿದ ರಸ ಅದು. ಗಣಿತದ ಜೊತೆಗೆ ಅವರ ಚಟಗಳೂ ಒಂದಿಷ್ಟು ಬರುತ್ತಿದ್ದವು. ಮೊದಲ ಸೆಮಿಸ್ಟರಿನಲ್ಲಿ ಬೀಜಗಣಿತ ಕುಡಿದ ವಾರಿಜಾಳಿಗೆ ನಶ್ಯದ ಆಸೆ ಹತ್ತಿತ್ತು. ಅದನ್ನು ಹೇಗೋ ಸಹಿಸಿಕೊಂಡಿದ್ದಳು.

ಇಂದು ಕ್ಯಾಲ್ಕುಲಸ್. ಅಟೆಂಡರ್ ಗಂಗವ್ವ ಲೋಟ ತಂದು ಮುಂದಿಟ್ಟಳು. ಹಳದಿ ರಸದ ಮೇಲೆ ಕೆನೆ ಕಟ್ಟಿತ್ತು.

"ಇದು ಯಾರದು, ಗಂಗವ್ವಾ?"

"ಕಟಗೇರಿ ಸರ್‌ದು. ಮೂಗ ಹಿಡಕೊಂಡು ಕುಡದಬಿಡವಾ."

ವಾರಿಜಾ ಲೋಟವನ್ನು ದೂರ ಸರಿಸಿದಳು. ಕಲಿಸುತ್ತಿದ್ದ ಕಾಲದಲ್ಲಿ ಲೆಕ್ಕ ತಿದ್ದುವ ನೆಪದಲ್ಲಿ ಹುಡುಗಿಯರ ಬೆನ್ನು ಸವರುತ್ತಿದ್ದನೆಂದು ಊರಿಗೆಲ್ಲ ಗೊತ್ತಿದ್ದ ಕಟಗೇರಿ! ಆ ಕೈಯ ಚಪಲ ಇನ್ನು ತನ್ನ ಕೈಗೂ ಇಳಿಯುವುದೇ?

"ನಾ ಒಲ್ಲೆ."

"ಬ್ಯಾರೆ ಯಾರದೂ ಇಲ್ಲವಾ. ನಪಾಸಾಗ್ತಿ."

"ಆಗ್ಲಿ. ಆ ಮನಶ್ಯಾನ್ನ ಹೊಟ್ಯಾಗ ಇಟ್ಕೊಂಡು ಪಾಸಾಗೂದು ನನಗ ಬ್ಯಾಡ."

ಅವಳು ರಸವನ್ನು ಮೋರಿಗೆ ಸುರಿದು, ಗ್ರಂಥಾಲಯದಲ್ಲಿ ಧೂಳು ಹಿಡಿದಿದ್ದ ಹಳೆಯ ಕ್ಯಾಲ್ಕುಲಸ್ ಪುಸ್ತಕವೊಂದನ್ನು ಹುಡುಕಿ ತೆಗೆದು ಕೂತಳು. ಸಂಜೆಯಾದರೂ ಮೊದಲ ಪುಟ ದಾಟಲಿಲ್ಲ. ಅಷ್ಟರಲ್ಲಿ ಅವಳ ತರಗತಿಯ ಇಬ್ಬರು ಹುಡುಗಿಯರು ಬಂದು ಪಕ್ಕದಲ್ಲಿ ನಿಂತರು.

"ನಾವೂ ಚೆಲ್ಲಿ ಬಂದ್ವಿ," ಎಂದಳು ಒಬ್ಬಳು. "ಸ್ವಲ್ಪ ಸರದ ಕೂಡು."