ಹತ್ತು ಎಣಿಸುವ ತನಕ

ಹಾಸನದ ಸ್ಟುಡಿಯೋದಲ್ಲಿ ತೊಳೆಸಿ ತಂದ ಪಟವನ್ನು ಬ್ರಹ್ಮದೇವ ಮೇಷ್ಟ್ರು ಕೊಟ್ಟಾಗ ಬೆಟ್ಟಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಇಸಿದುಕೊಂಡಳು. ಅವ್ವನ ಪಟ ಅಂತ ಇದ್ದರೆ ಇದೊಂದೇ. ಅದೂ ಸತ್ತ ದಿನ ಗೋಡೆಗೆ ಒರಗಿಸಿ ಕೂರಿಸಿ ತೆಗೆಸಿದ್ದು.

ಅವತ್ತು ಜಗಲಿಯಲ್ಲಿ ಬೆಳಕು ಸಾಲದೆ, ಮೇಷ್ಟ್ರು ತಮ್ಮ ಜಪಾನಿನ ಡಬ್ಬಾ ಕ್ಯಾಮೆರಾವನ್ನು ಒರಳುಕಲ್ಲಿನ ಮೇಲಿಟ್ಟು, "ನಾನು ಹತ್ತು ಎಣಿಸೋ ತನಕ ಯಾರೂ ಅಲುಗಾಡಬೇಡಿ. ಅಲುಗಿದೋರು ಹೊಗೆ ಥರ ಬರ್ತೀರ" ಎಂದು ಗದರಿದ್ದರು. ಅಳುತ್ತಿದ್ದವರೆಲ್ಲ ಉಸಿರು ಬಿಗಿಹಿಡಿದು ಅವ್ವನ ಸುತ್ತ ಕೂತರು. ಪಟ ತೆಗೆದದ್ದೇ ಹೆಣ ಎತ್ತಿದರು. ಹೊತ್ತು ಮುಳುಗುವುದರೊಳಗೆ ಬೆಂಕಿ ಇಟ್ಟಾಗಿತ್ತು.

"ಸಾ, ಅವ್ವನ ಬಲಗೈ ಯಾಕಿಂಗೆ ಒಗೆ ತರ ಬಂದೈತೆ? ನನ್ನ ಸೆರಗಿನ ಕಡೀಕೆ?"

ಮೇಷ್ಟ್ರು ಪಟದತ್ತ ನೋಡಲಿಲ್ಲ. ಸ್ಟುಡಿಯೋದಲ್ಲೇ ನೋಡಿದ್ದರು. "ಕ್ಯಾಮೆರಾ ಅಲುಗಾಡ್ತು ಕಣಮ್ಮ" ಎಂದರು.

ಬೆಟ್ಟಮ್ಮ ಪಟದಲ್ಲಿದ್ದವರನ್ನು ಒಬ್ಬೊಬ್ಬರಾಗಿ ಬೆರಳಿನಿಂದ ಮುಟ್ಟುತ್ತ ಬಂದಳು. ಅಣ್ಣ, ಅತ್ತಿಗೆ, ಚಿಕ್ಕಪ್ಪ, ಕೊನೆಗೆ ತಾನು. ಅತ್ತಿಗೆಯ ಮೂಗುಬೊಟ್ಟಿನ ಹರಳು ಕೂಡ ಕಾಣುತ್ತಿತ್ತು. ಬೆರಳು ಅವ್ವನ ಕೈಯ ಹತ್ತಿರ ಬಂದು ನಿಂತಿತು.

"ನಾವೆಲ್ಲ ನೆಟ್ಟಗೆ ಬಂದಿದ್ದೀವಲ್ಲ, ಸಾ."