ಜೌನಪುರಿಯ ಕೆಂಪು

ಮುಂದಿನ ಸಾಲಿನಲ್ಲಿದ್ದ ಮಹಾದೇವಿ ಆಮಂತ್ರಣದ ಕಾರ್ಡಿನಿಂದ ಗಾಳಿ ಬೀಸಿಕೊಂಡಿದ್ದೇ ತಡ, ವೇದಿಕೆಯ ಮೇಲಿದ್ದ ಅವಳ ಗಂಡ ಅಣವೀರಪ್ಪ ಕುಂಚ ಬಿಸಾಡಿ ಕೆಂಪು ಬಣ್ಣದ ಡಬ್ಬಿಗೆ ಬರಿಗೈ ಹಾಕಿದ. ಬೊಗಸೆ ತುಂಬ ಎತ್ತಿ ಕ್ಯಾನ್ವಾಸಿಗೆ ರಾಚಿದ. ತಲೆದೂಗಿ, "ವಾಹ್, ಕ್ಯಾ ಬಾತ್ ಹೈ" ಅಂದ.

ಹಾಡು ವಿಲಂಬಿತದಲ್ಲಿ ನಿಧಾನ ಸಾಗುವಷ್ಟು ಹೊತ್ತು ಅವಳು ಸುಮ್ಮನೆ ಕೂಡಬೇಕು. ದ್ರುತ್ ಶುರುವಾಗಿ ಲಯ ಜೋರಾದೊಡನೆ ಗಾಳಿ ಬೀಸಿಕೊಳ್ಳಬೇಕು. ಗೋರೆಗಾಂವಿಗೆ ಲೋಕಲ್ ರೈಲ್‌ನಲ್ಲಿ ಬರುವಾಗ ಗಂಡ ಹೆಂಡತಿ ಮಾಡಿಕೊಂಡ ಕರಾರು ಇದು. ರಾಗ ಕೇಳುತ್ತ ಕೇಳುತ್ತ ಬಣ್ಣ ಬಳಿಯುವವನೆಂದೇ ಹೆಸರಾದ ಅಣವೀರಪ್ಪನಿಗೆ ಈಚೆಗೆ ಕಿವಿ ಕೇಳಿಸುತ್ತಿರಲಿಲ್ಲ. ಮಷೀನು ಹಾಕಿಕೊಳ್ಳುತ್ತಿದ್ದ. ಅದನ್ನು ಮುಚ್ಚಲು ಕೂದಲು ಇಳಿಬಿಟ್ಟ. ಜನ ಅದನ್ನು ಕಲಾವಿದರ ಕೂದಲು ಅಂದರು, ಇವನೂ ಹೌದೆಂದ. ಆದರೆ ದೊಡ್ಡ ಸ್ಪೀಕರಿನ ಪಕ್ಕ ನಿಂತರೆ ಆ ಮಷೀನು ಕುಂಯ್‌ಗುಡುತ್ತದೆ. ಹಾಗಾಗಿ ಇವತ್ತು ಅದು ಕುರ್ತಾದ ಜೇಬು ಸೇರಿತ್ತು.

"ಖರೇ ಹೇಳಿಬಿಟ್ರ ಏನಾಗ್ತದ್ರೀ?" ಎಂದು ಮಹಾದೇವಿ ಕೇಳಿದ್ದಳು.

"ಕಿವುಡ ರಾಗದ ಚಿತ್ರ ತಗೀತಾನಂತ ನಗತಾರ. ಇಷ್ಟು ವರ್ಷ ಕಟ್ಟಿದ ಅಂಗಡಿ ಒಂದ ದಿನದಾಗ ಬಂದ್ ಆಗ್ತದ."

ಕರಾರಿನಲ್ಲಿ ಊನವಿದ್ದದ್ದು ಒಂದೇ. ಅದು ಮೇ ತಿಂಗಳೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಗಾಯಕಿ ವಿನೋದಿನಿ ಜೌನಪುರಿ ರಾಗವನ್ನು ಇನ್ನೂ ಮೆಲ್ಲಗೆ ಬಿಡಿಸುತ್ತಿದ್ದಾಗ ಹಾಲಿನ ಕರೆಂಟು ಹೋಯಿತು. ಮೈಕು, ತಂಬೂರಿ ಪೆಟ್ಟಿಗೆ, ಫ್ಯಾನು ಎಲ್ಲ ಒಟ್ಟಿಗೇ ನಿಂತವು. ಕಿಟಕಿಗಳಲ್ಲಿ ಬಿಸಿಲಿದ್ದುದರಿಂದ ಬೆಳಕಿಗೇನೂ ತೊಂದರೆಯಾಗಲಿಲ್ಲ. ವಿನೋದಿನಿ ಹಾಡು ನಿಲ್ಲಿಸಿ ಬಿಸಿನೀರಿನ ಫ್ಲಾಸ್ಕ್ ಎತ್ತಿಕೊಂಡಳು. ಮಹಾದೇವಿಗೆ ಸೆಕೆಯಾಯಿತು, ಬೀಸಿಕೊಂಡಳು. ಗಾಯಕಿಗೆ ಬೆನ್ನು ಹಾಕಿ ನಿಂತು, ಒಂದು ಕಣ್ಣು ಕ್ಯಾನ್ವಾಸಿನ ಮೇಲೆ, ಇನ್ನೊಂದು ಹೆಂಡತಿಯ ಕೈಮೇಲೆ ಇಟ್ಟಿದ್ದ ಅಣವೀರಪ್ಪನಿಗೆ ಅಷ್ಟೇ ಸಾಕಾಯಿತು.

ಅನಾಹುತ ಅವಳಿಗೆ ತಿಳಿಯುವ ಹೊತ್ತಿಗೆ ಕೆಂಪು ಮೂರು ಬೊಗಸೆ ಹಾರಿತ್ತು. ಬೇಡ, ಬೇಡ ಎನ್ನುತ್ತ ಕಾರ್ಡನ್ನು ತಲೆಯ ಮೇಲೆತ್ತಿ ಜೋರಾಗಿ ಆಡಿಸಿದಳು. ಓಹೋ, ಲಯ ಇನ್ನೂ ಏರಿತು ಎಂದುಕೊಂಡ ಅಣವೀರಪ್ಪ ಎರಡೂ ಅಂಗೈಯಿಂದ ಬಡಿಯತೊಡಗಿದ. ಮೈಯೆಲ್ಲ ಬೆವರಿತು. ರಾಗದ ಕಾವು ಹೀಗೆ ಮೈಗೆ ಹತ್ತಿ ಎಷ್ಟು ಕಾಲವಾಗಿತ್ತು ಎಂದು ಹಿಗ್ಗಿದ. ಕಿವಿ ಹೋದರೇನು, ಸಂಗೀತ ರಕ್ತದಲ್ಲೇ ಇದೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ. ಅವನ ತನ್ಮಯತೆ ಕೆಡಿಸಬಾರದೆಂದು ಸಭೆ ಕೆಮ್ಮದೆ ಕೂತಿತ್ತು. ಆ ಮೌನದಲ್ಲಿ ಅವನ ಕೈಯ ಪಚಪಚ ಸದ್ದು, ನಡುನಡುವೆ ಅವನದೇ "ವಾಹ್" ಬಿಟ್ಟರೆ ಬೇರೇನಿರಲಿಲ್ಲ.

ಕೊನೆಯ ಬೊಗಸೆ ಎರಚಿ, ಗಾಯಕಿಯತ್ತ ತಿರುಗಿ ಕೈಮುಗಿದ. ಚಪ್ಪಾಳೆ ಬಿತ್ತು. ಕಾರ್ಯಕ್ರಮ ಏರ್ಪಡಿಸಿದ್ದ ಬಸವಂತಪ್ಪ ವೇದಿಕೆಗೆ ಓಡಿಬಂದು, "ಹಾಡು ನಿಂತ್ರೂ ಇವರ ಕಿವ್ಯಾಗ ರಾಗ ನಿಂದರಲಿಲ್ಲ ನೋಡ್ರಿ" ಎಂದು ಸಭೆಗೆ ಸಾರಿದ. ಅದು ಅಣವೀರಪ್ಪನಿಗೆ ಕೇಳಿಸಲಿಲ್ಲ. ಹೊಗಳಿಕೆ ಇರಬೇಕೆಂದು ಬಗ್ಗಿ ನಮಸ್ಕರಿಸಿದ.

"ನಿಮ್ಮ ದ್ರುತ್ ಅಂದ್ರ ಬೆಂಕಿ ರೀ ಬಾಯಾರ," ಎಂದ ವಿನೋದಿನಿಗೆ. "ಅದಕ್ಕ ಕೆಂಪು ತಂತಾನ ಬಂತು."

ವಿನೋದಿನಿ ಏನೋ ಅಂದಳು. ಇವನು ತಲೆಯಾಡಿಸಿದ. ಅವಳು ಮತ್ತೊಮ್ಮೆ ಅಂದಳು. ಮತ್ತೊಮ್ಮೆ ತಲೆಯಾಡಿಸಿದ. ಫ್ಯಾನು ತಿರುಗತೊಡಗಿತು. ಮುಂದಿನ ಸಾಲಿನಲ್ಲಿ ಮಹಾದೇವಿ ಎದ್ದು ನಿಂತು, ಯಾರು ನೋಡಿದರೂ ಸರಿಯೆಂದು ತನ್ನ ಕಿವಿಯನ್ನು ಹಿಡಿದು ತೋರಿಸಿದಳು. ಅಣವೀರಪ್ಪ ಕೆಂಪು ಕೈಯನ್ನೇ ಜೇಬಿಗೆ ಹಾಕಿ ಮಷೀನು ತೆಗೆದ. ಕೂದಲು ಸರಿಸಿ, ಎಲ್ಲರ ಎದುರಿಗೇ ಕಿವಿಗೆ ಸಿಕ್ಕಿಸಿಕೊಂಡ.

"ದ್ರುತ್ ನಾನು ಹಾಡ್ಲೇ ಇಲ್ಲ ಮಾರಾಯ್ರೇ," ವಿನೋದಿನಿ ಹೇಳುತ್ತಿದ್ದಳು. "ಕರೆಂಟ್ ಹೋಗಿತ್ತಲ್ಲ. ಈಗ ಬಂತು. ಹಾಡ್ಲಾ, ಬೇಡ್ವಾ?"

ಅವನ ಮುಖ ಕೆಂಪಾಯಿತು. ಮೊದಲೇ ಬಣ್ಣ ಸಿಡಿದಿದ್ದರಿಂದ ಅಷ್ಟಾಗಿ ಗೊತ್ತಾಗಲಿಲ್ಲ.

"ಹಾಡ್ರಿ," ಅಂದ.

ಕ್ಯಾನ್ವಾಸಿನಲ್ಲಿ ಇನ್ನು ಬೆರಳೂರುವಷ್ಟೂ ಜಾಗವಿರಲಿಲ್ಲ. ಕೆಳಗಿಳಿದು ಬಂದು ಹೆಂಡತಿಯ ಪಕ್ಕ ಕೂತ. ಅವಳಿಂದ ಕ್ಲಿಪ್ ಇಸಿದುಕೊಂಡು ಕೂದಲನ್ನೆಲ್ಲ ಹಿಂದಕ್ಕೆ ಬಿಗಿದ. ಸುತ್ತಲಿನವರು ಅವನ ಕಿವಿಯನ್ನೇ ನೋಡಿದರು, ನೋಡಲಿ ಎಂದುಕೊಂಡ. ವಿನೋದಿನಿ ದ್ರುತ್ ಎತ್ತಿಕೊಂಡಳು. ಮಷೀನಿನಲ್ಲಿ ಸ್ವರಗಳು ತುಸು ಒಡಕಾಗಿ ಬಂದವು. ಆದರೂ ಬಂದವು. ಅಣವೀರಪ್ಪನ ಕಣ್ಣು ತುಂಬಿತು. ಎಷ್ಟು ಹುಡುಕಿದರೂ ಆ ಹಾಡಿನಲ್ಲಿ ಅವನಿಗೆ ಒಂದು ಬಣ್ಣವೂ ಕಾಣಲಿಲ್ಲ.

ಹಿಂದಿನ ಸಾಲಿನಿಂದ ಬಸವಂತಪ್ಪ ಭಕ್ತಿಯಿಂದ ಬಗ್ಗಿ ಕೇಳಿದ, "ಸರ್, ಈಗ ಯಾವ ಕಲರ್ ಕಾಣಾಕತ್ತೈತ್ರೀ?"

"ಸುಮ್ಕ ಕುಂಡ್ರೀ ಬಸವಂತಪ್ಪಾರ," ಎಂದ ಅಣವೀರಪ್ಪ. "ಹಾಡು ಕೇಳಸವಲ್ದು."