ಫ್ರೆಂಚ್ ಹಳ್ಳಿಯಿಂದ ಬಂದ ಕಪಾಟು

ಗೇಟು ಕಿರುಗುಟ್ಟಿತು. ಸ್ಟೂಲಿನ ಮೇಲೆ ನಿಂತು ಒಣಹೂವಿನ ಗೊಂಚಲನ್ನು ತಲೆಕೆಳಗಾಗಿ ನೇತುಹಾಕುತ್ತಿದ್ದ ಗಂಡ ಬೆವೆತುಹೋದ.

"ಅಮ್ಮ ಬಂದ್ರು! ಕಪಾಟು ಎಲ್ಲಿ ಅಂದ್ರೆ?"

"ಗೆದ್ದಲು ಹಿಡೀತು ಅನ್ನೋಣ. ನೀವು ಮಾತ್ರ ಬಾಯಿ ಬಿಡಬೇಡಿ ರೀ."

ಆದದ್ದಿಷ್ಟು. ಅತ್ತೆ ಹಳೆಯ ಗೆಳತಿಯೊಬ್ಬರಿಗೆ ಅಂಗಡಿಯ ಕೆಲಸದಲ್ಲಿ ನೆರವಾಗಲೆಂದು ಹದಿನೈದು ದಿನ ಹೋಗಿದ್ದರು. ಇತ್ತ ಸೊಸೆಗೆ ಫ್ರೆಂಚ್ ಹಳ್ಳಿಮನೆಯಂಥ ಅಡುಗೆಮನೆಯ ಹುಚ್ಚು ಹತ್ತಿತು. ಕೆನೆಬಣ್ಣದ ಗೋಡೆ, ಚೌಕುಳಿ ಪರದೆ, ತಾಮ್ರದ ಬಾಣಲೆ, ಕಿಟಕಿಯಲ್ಲೊಂದು ಪಿಂಗಾಣಿ ಹುಂಜ. ಇವುಗಳ ನಡುವೆ ಅತ್ತೆಯ ಕಂದು ಕಪಾಟು ಮುಖ ಊದಿಸಿಕೊಂಡು ನಿಂತಿತ್ತು. ಅದನ್ನು ಗುಜರಿಯವನಿಗೆ ಕೊಟ್ಟುಬಿಟ್ಟಳು. ಅತ್ತೆಯ ಅಪ್ಪ ಮಗಳ ಮದುವೆಗೆಂದು ಕೈಯಾರೆ ಮಾಡಿದ ಕಪಾಟದು ಎಂದು ಗಂಡ ಬಾಯಿಬಿಟ್ಟದ್ದು ಗಾಡಿ ತಿರುವು ದಾಟಿದ ಮೇಲೆ!

ಅವಳು ಗುಜರಿಯವನ ಬಳಿ ಓಡಿದಳು. "ಆಗ್ಲೇ ಮಾರಿಬಿಟ್ಟೆ ಅಕ್ಕಾ," ಎಂದ. ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಜಾಗ ಖಾಲಿ ಬಿಡುವಂತಿರಲಿಲ್ಲ. ಹಳೇ ಸಾಮಾನಿನ ಅಂಗಡಿಯಲ್ಲಿ ತಿಳಿನೀಲಿ ಕಪಾಟೊಂದು ಸಿಕ್ಕಿತು. ಅಂಚಿನಲ್ಲಿ ಬಣ್ಣ ಹದವಾಗಿ ಸವೆದಿತ್ತು. ಹಿಂದಿನ ಕೋಣೆಯಲ್ಲಿ ಯಾರೋ ಮರಳುಕಾಗದ ಉಜ್ಜುತ್ತ ಮೂರು ಬಾರಿ ಸೀನಿದರು.

"ಫ್ರಾನ್ಸಿನ ಹಳ್ಳಿಯದಮ್ಮಾ," ಎಂದರು ಅಂಗಡಿಯ ಅಜ್ಜಿ, ನಗು ತಡೆದುಕೊಂಡು.

"ಎಡಗಡೆ ಡ್ರಾಯರ್ ತೆಗೆಯೋಕೇ ಆಗ್ತಿಲ್ವಲ್ಲ?"

"ಅಲ್ಲೀವು ಹಾಗೇನೇ. ಬಿಗುಮಾನ ಜಾಸ್ತಿ."

ಈಗ ಅತ್ತೆ ಒಳಗೆ ಬಂದರು. ಕಣ್ಣು ಕಿರಿದು ಮಾಡಿ ಸುತ್ತಲೂ ನೋಡಿದರು.

"ಕನ್ನಡಕ ಎಲ್ಲಮ್ಮಾ?" ಎಂದ ಮಗ.

"ಎಲ್ಲೋ ಮರೆತೆ ಕಣೋ."

"ಅತ್ತೆ, ನಿಮ್ಮ ಕಪಾಟಿಗೆ ಗೆದ್ದಲು..."

"ಅಯ್ಯೋ ಪಾಪ. ಮತ್ತೆ ಇದು?"

"ಫ್ರಾನ್ಸಿಂದು. ತುಂಬಾ ಹಳೇದು."

"ಇರಬೇಕು." ಅತ್ತೆ ಕಪಾಟಿನ ಮೈ ಸವರಿದರು. "ಮಾಡಿದವರು ಪ್ರೀತಿಯಿಂದ ಮಾಡಿದಾರೆ."

ಸೊಸೆಯ ಕಣ್ಣು ತುಂಬಿಬಂತು. "ಗೆದ್ದಲಲ್ಲ ಅತ್ತೆ. ನಾನೇ ಗುಜರಿಗೆ ಕೊಟ್ಟೆ. ತಪ್ಪಾಯ್ತು."

ಅತ್ತೆ ಎಡಗಡೆಯ ಡ್ರಾಯರನ್ನು ತುಸು ಮೇಲೆತ್ತಿ, ಮೊಣಕಾಲಿನಿಂದ ಒಂದು ಗುದ್ದು ಕೊಟ್ಟರು. ಅದು ಸಲೀಸಾಗಿ ತೆರೆದುಕೊಂಡಿತು. ಒಳಗಿಂದ ತಿಳಿನೀಲಿ ಚುಕ್ಕೆಗಳಿದ್ದ ಕನ್ನಡಕ ತೆಗೆದು ಮೂಗಿಗೇರಿಸಿಕೊಂಡರು.

"ಬಣ್ಣ ಹೊಡೀತಾ ಹೊಡೀತಾ ಇದರಲ್ಲೇ ಇಟ್ಟು ಮರೆತಿದ್ದೆ ಕಣೇ. ಸದ್ಯ, ಎರಡೂ ಮನೆಗೇ ಬಂದ್ವು!"